ಮೀಟರ್ 88ರಲ್ಲಿತ್ತು, ನೀರು ಕುದಿಯಿತು: ಮಂಡ್ಯದ ಹಳೇ ಟಿಟಿಯೊಂದು ಬಾರಾಲಾಚಾ ಹತ್ತಿದ ಪ್ರಕರಣ

2022ರ ಜೂನ್ ತಿಂಗಳು, ಬೆಳಗ್ಗೆ ಒಂಬತ್ತೂವರೆ. ಮನಾಲಿ-ಲೇಹ್ ರಸ್ತೆಯಲ್ಲಿ ಹಿಮಾಚಲದ ಝಿಂಗ್‌ಝಿಂಗ್‌ಬಾರ್ ದಾಟಿ ಬಾರಾಲಾಚಾ ಪಾಸ್ (ಬೆಟ್ಟ ದಾಟುವ ಎತ್ತರದ ದಾರಿ) ಕಡೆಗೆ ಹತ್ತುತ್ತಿದ್ದಾಗ ನಮ್ಮ ಗಾಡಿಯ ಮುಂಭಾಗದಿಂದ ಹಬೆ ಎದ್ದಿತು. ಮೀಟರಿನಲ್ಲಿ ಎಂಜಿನ್ ನೀರಿನ ಬಿಸಿ 88 ಡಿಗ್ರಿ. ಇದೇ ಗಾಡಿ ಎರಡು ತಿಂಗಳ ಹಿಂದೆ ಗೂಡಲೂರು ಘಾಟಿಯಲ್ಲಿ 90 ತೋರಿಸಿಯೂ ಒಂದು ತೊಟ್ಟು ನೀರು ಚೆಲ್ಲದೆ ಊಟಿ ಮುಟ್ಟಿತ್ತು. ಅಲ್ಲಿ 90ಕ್ಕೆ ಕುದಿಯದ ನೀರು ಇಲ್ಲಿ 88ಕ್ಕೆ ಯಾಕೆ ಕುದಿಯಿತು? ಈ ಪ್ರಕರಣವೆಲ್ಲ ಆ ಒಂದು ಪ್ರಶ್ನೆಯ ಸುತ್ತ ಇದೆ.

ಮೈಸೂರಿನ ಬನ್ನಿಮಂಟಪದ ಕಡೆ ನನ್ನದೊಂದು ಗ್ಯಾರೇಜು. ಡೀಸೆಲ್ ಗಾಡಿಗಳ ಕೆಲಸ ಮಾಡಿಕೊಂಡು ಬಂದವನು. ಹಳೇ ವ್ಯಾನುಗಳನ್ನು ಮನೆಗಾಡಿ ಮಾಡಿಕೊಂಡು ಬೆಟ್ಟದ ಕಡೆ ಹೊರಡುವವರು ಈಚೆಗೆ ನಮ್ಮ ಕಡೆಯೂ ಹೆಚ್ಚಾಗಿದ್ದಾರೆ. ಅವರ ಕೈಗೆ ಇದು ಸಿಗಲಿ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದನ್ನು, ನನ್ನ ತಪ್ಪನ್ನೂ ಸೇರಿಸಿ, ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗಾಡಿ, ಗಾಡಿಯವರು

ಗಾಡಿ 1998ರ ಟೆಂಪೋ ಟ್ರಾವೆಲರ್, ನಾವೆಲ್ಲ ಟಿಟಿ ಅನ್ನುವುದು. ಬೆಂಜ್ ಕಂಪನಿಯ ಟಿ1 ವ್ಯಾನಿನ ಆಧಾರದ ಮೇಲೆ ಬಂದದ್ದು. ಎಂಜಿನ್ನೂ ಬೆಂಜಿನ ಓಎಂ 616 ವಂಶದ್ದೇ: ನಾಲ್ಕು ಸಿಲಿಂಡರ್, ಸುಮಾರು 2.4 ಲೀಟರ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಎಲೆಕ್ಟ್ರಾನಿಕ್ ಪೆಟ್ಟಿಗೆ ಇಲ್ಲ. ಸ್ಪ್ಯಾನರ್ ಹಿಡಿಯಲು ಬರುವ ಯಾರು ಬೇಕಾದರೂ ರಸ್ತೆ ಬದಿಯಲ್ಲಿ ಬಿಚ್ಚಿ ಕಟ್ಟಬಹುದಾದ ಎಂಜಿನ್. ನಿಧಾನ, ಆದರೆ ನಿಯತ್ತಿನದು.

ಮಂಡ್ಯದ ದಂಪತಿ ಇದನ್ನು ಕೊಂಡು ಒಳಗೆ ಮಂಚ, ಪುಟ್ಟ ಅಡಿಗೆ ಕಟ್ಟೆ, ನೀರಿನ ಟ್ಯಾಂಕು ಮಾಡಿಸಿಕೊಂಡಿದ್ದರು. ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದು ನಿವೃತ್ತರಾದವರು, ವಯಸ್ಸು ಅರವತ್ತೆರಡು. ಅವರ ಮನೆಯವರು ಪ್ರೈಮರಿ ಸ್ಕೂಲಿನಲ್ಲಿದ್ದವರು, ಬೀದಿಗೆಲ್ಲ ಟೀಚರಮ್ಮ. ಲೇಹ್‌ವರೆಗೂ ಇದೇ ಗಾಡಿಯಲ್ಲಿ ಹೋಗಬೇಕು ಎನ್ನುವುದು ಟೀಚರಮ್ಮನ ಆಸೆ. "ರಿಟೈರಾದ್ಮೇಲೆ ನಂದೊಂದ್ ಮಾತು ನಡ್ಸಿ" ಎಂದು ಅವರು ಯಜಮಾನರಿಗೆ ಹೇಳಿದ್ದು ನನ್ನ ಗ್ಯಾರೇಜಿನಲ್ಲೇ. ಕೊನೆಗೆ ನನ್ನನ್ನೂ ಹೊರಡಿಸಿದರು. ಯಜಮಾನರೂ ನಾನೂ ಸರದಿ ಮೇಲೆ ಓಡಿಸುವುದು ಎಂದಾಯಿತು.

ಕಾಗದದ ಮಾತು ಎರಡೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ, ಆರ್‌ಟಿಓ ಒಪ್ಪಿಗೆ ಬೇಕು. ಅದನ್ನು ಅವರು ಮೊದಲೇ ಮಾಡಿಸಿದ್ದರು. ಎರಡನೆಯದು ದೆಹಲಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ರಾಜಧಾನಿ ವಲಯದಲ್ಲಿ ಓಡುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿತ್ತು. ವಲಯ ಎಂದರೆ ದೆಹಲಿ ಊರಷ್ಟೇ ಅಲ್ಲ. ಚಂಡೀಗಢದ ದಾರಿಯಲ್ಲಿ ಸಿಗುವ ಪಾಣಿಪತ್, ಕರ್ನಾಲ್ ಕೂಡ ಅದರೊಳಗೆ ಬರುತ್ತವೆ. ಹಾಗಾಗಿ ನಾವು ಹುಬ್ಬಳ್ಳಿ, ಪುಣೆ, ಅಹಮದಾಬಾದ್, ಅಜ್ಮೇರ್, ಬಿಕಾನೇರ್, ಭಟಿಂಡಾ ಎಂದು ಪಶ್ಚಿಮದಿಂದ ಬಳಸಿಕೊಂಡು ಹಿಮಾಚಲ ಸೇರಿದೆವು. ಈ ಬಳಸು ದಾರಿ ನಮ್ಮನ್ನು ರಾಜಸ್ಥಾನದ ಬಿಸಿಲಿಗೆ ತಳ್ಳಿತು. ಆ ಬಿಸಿಲು ನನ್ನ ಕಣ್ಣು ಕಟ್ಟಿತು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಹೊರಡುವ ಮೊದಲು

ಮೊದಲು ತೂಕ. ಮಂಡ್ಯದಲ್ಲಿ ಕಬ್ಬು ತೂಗುವ ವೇಬ್ರಿಡ್ಜಿಗೇನು ಬರ. ಸಾಮಾನೆಲ್ಲ ತುಂಬಿಸಿ, ಮೂವರೂ ಕೂತು, ಗಾಡಿಯನ್ನು ಅದರ ಮೇಲೆ ನಿಲ್ಲಿಸಿದೆವು. ನಾನು ಅಂದುಕೊಂಡಿದ್ದಕ್ಕಿಂತ ಮುನ್ನೂರು ಕೆಜಿ ಜಾಸ್ತಿ ಬಂತು. ಪ್ಲೈವುಡ್ ಬೀರು, ನೂರು ಲೀಟರಿನ ಟ್ಯಾಂಕು, ಎರಡನೇ ಸಿಲಿಂಡರ್, ಕಬ್ಬಿಣದ ಏಣಿ ಎಲ್ಲ ಇಳಿದವು. ಟೀಚರಮ್ಮ ಒರಳುಕಲ್ಲನ್ನು ತಾವೇ ತೆಗೆದಿಟ್ಟರು. ಟರ್ಬೊ ಇಲ್ಲದ ಎಂಜಿನ್ನಿಗೆ ಎತ್ತರದಲ್ಲಿ ಒಂದೊಂದು ಕೆಜಿಯೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ನೀರಿನ ವ್ಯವಸ್ಥೆ. ಎಂಜಿನ್ ನೀರು ಕಾದ ಮೇಲಷ್ಟೇ ಅದನ್ನು ತಣಿಸುವ ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನು ಹಿಂದಿನ ಯಾರೋ ಮೇಸ್ತ್ರಿ ಕಿತ್ತುಹಾಕಿದ್ದರು. ನಮ್ಮ ಕಡೆ ಇದೊಂದು ಹಳೇ ಚಾಳಿ. ಬಿಸಿಯಾಗುವ ಗಾಡಿಗೆ ಇದು ಮದ್ದು ಎಂದು ನಂಬಿದ್ದಾರೆ. ಅದು ಮದ್ದಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ತಣ್ಣನೆ ಹವೆಯಲ್ಲಿ ಎಂಜಿನ್ ಎಂದೂ ಸರಿಯಾಗಿ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸುಮಾರು 80 ಡಿಗ್ರಿಗೆ ತೆರೆಯುವ ಹೊಸದನ್ನು ಕೂರಿಸಿದೆ. ಬೋರ್‌ವೆಲ್ ನೀರು ಹಾಕಿ ಹಾಕಿ ರೇಡಿಯೇಟರಿನ ನಳಿಗೆಗಳಲ್ಲಿ ಬಿಳಿ ಗಸಿ ಕಟ್ಟಿತ್ತು. ಹೊಸ ಕೋರ್, ಅಂದರೆ ಆ ನಳಿಗೆಗಳ ಭಾಗ, ಹಾಕಿಸಿದೆ. ಫ್ಯಾನ್ ಬೆಲ್ಟು, ವಾಟರ್ ಪಂಪು, ಹೋಸ್ ಪೈಪುಗಳು ಎಲ್ಲ ಹೊಸವು. ಅರ್ಧ ಕೂಲಂಟ್ (ಬೇಗ ಕುದಿಯದಂತೆ, ಹೆಪ್ಪುಗಟ್ಟದಂತೆ ನೀರಿಗೆ ಬೆರೆಸುವ ದ್ರವ), ಅರ್ಧ ಶುದ್ಧ ನೀರು. ಅಂಕಿ ತೋರಿಸುವ ಒಂದು ಬಿಸಿ ಮೀಟರನ್ನೂ ಪ್ರತ್ಯೇಕವಾಗಿ ಕೂರಿಸಿದೆ. ರೇಡಿಯೇಟರಿನ ಕ್ಯಾಪ್ ಹಳೆಯದೇ. ಹಿತ್ತಾಳೆಯದು, ಉಜ್ಜಿದರೆ ಫಳಫಳ ಹೊಳೆಯಿತು. ಚೆನ್ನಾಗಿದೆ ಎಂದು ಅದನ್ನೇ ವಾಪಸ್ ಮುಚ್ಚಿದೆ.

ಬ್ರೇಕಿಗೆ ಹೊಸ ಲೈನರ್. ಹಳೇ ಬ್ರೇಕ್ ಆಯಿಲ್ ಪೂರ್ತಿ ಬಿಟ್ಟು ಡಾಟ್ 4 ದರ್ಜೆಯದನ್ನು ತುಂಬಿದೆ. ಇದನ್ನು ಒತ್ತಿ ಹೇಳಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ಡಾಟ್ 3 ಆದರೆ 205, ತೇವ ಸೇರಿದ ಮೇಲೆ 140. ಉದ್ದನೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ಬರುವುದಕ್ಕೆ ಹೆಚ್ಚು ಹೊತ್ತು ಬೇಡ. ಆಯಿಲ್ ಕುದಿದು ಗುಳ್ಳೆ ಬಂದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಹಳೇ ಗಾಡಿ ಇಟ್ಟುಕೊಂಡವರು ಎಂಜಿನ್ ಆಯಿಲಿಗೆ ತೋರಿಸುವ ಕಾಳಜಿಯ ಕಾಲು ಭಾಗವನ್ನೂ ಇದಕ್ಕೆ ತೋರಿಸುವುದಿಲ್ಲ.

ಪರೀಕ್ಷೆಗೆ ಮೊದಲು ಚಾಮುಂಡಿ ಬೆಟ್ಟ ಹತ್ತಿದೆವು. ಮೀಟರ್ 87. ಆಮೇಲೆ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಪೈಕಾರ ಮೇಲೆ ಊಟಿ. ಅಲ್ಲಿ ಅತಿ ಹೆಚ್ಚು ಬಂದದ್ದು 90. ನೀರು ಇಳಿದಿರಲಿಲ್ಲ. ಗಾಡಿ ಸಿದ್ಧ ಎಂದು ನಾನೇ ಹೇಳಿದೆ.

ಕಂಡರೂ ಓದದ ಗುರುತು

ರಾಜಸ್ಥಾನದಲ್ಲಿ ದಿನಕ್ಕೆ ಲೀಟರ್ ಲೆಕ್ಕದಲ್ಲಿ ನೀರು ಕಡಿಮೆಯಾಗುತ್ತಿತ್ತು. ಈ ಗಾಡಿಗೆ ಉಕ್ಕಿದ ನೀರು ಹಿಡಿಯುವ ಹೊರಗಿನ ಬಾಟಲಿ ಇರಲಿಲ್ಲ. ಕ್ಯಾಪಿನ ಪಕ್ಕದ ಸಣ್ಣ ಪೈಪಿನಿಂದ ಚೆಲ್ಲಿದ್ದು ನೇರ ರಸ್ತೆಗೆ ಹೋಗುತ್ತದೆ. ನಿಲ್ಲಿಸಿ ಎಂಜಿನ್ ಆಫ್ ಮಾಡಿದ ಎರಡು ಮೂರು ನಿಮಿಷಕ್ಕೆ ಕೆಳಗೆ ತೊಟ್ಟಿಕ್ಕಿದ ಗುರುತು ಕಾಣುತ್ತಿತ್ತು.

"ಮೇಸ್ತ್ರಿ, ನೀರು ಎಲ್ಗೋಯ್ತದಪ್ಪ?" ಎಂದು ಯಜಮಾನರು ಕೇಳಿದರು.

"ಬಿಸ್ಲಲ್ವಾ ಅಣ್ಣ, ಒಸಿ ಕುಡೀತದೆ" ಎಂದೆ.

ಹೊರಗೆ ನಲವತ್ತೈದು ಡಿಗ್ರಿ ಇರುವಾಗ ಆ ಉತ್ತರ ಸರಿಯಾಗಿಯೇ ಕೇಳಿಸಿತು. ಆದರೆ ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಬಿಸಿಲಿಗೆ ಆರಿಹೋಗುವುದಿಲ್ಲ. ಎಂಜಿನ್ ಆಫ್ ಮಾಡಿದಾಗ ಪಂಪ್ ನಿಲ್ಲುತ್ತದೆ, ಫ್ಯಾನ್ ನಿಲ್ಲುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ ಕೂತಿದ್ದ ಕಾವು ನಿಂತ ನೀರಿಗೆ ಇಳಿಯುತ್ತದೆ. ಒತ್ತಡ ಹಿಡಿಯಬೇಕಾದ ಕ್ಯಾಪ್ ಹಿಡಿಯದಿದ್ದರೆ ಆ ನೀರು ಅಲ್ಲಲ್ಲೇ ಕುದಿದು ಉಕ್ಕಿ ಹೊರಬರುತ್ತದೆ. ತೊಟ್ಟಿಕ್ಕಿದ ಗುರುತು ಹೇಳುತ್ತಿದ್ದದ್ದು ಅದನ್ನೇ. ನಾನು ಬಂಕಿನಲ್ಲಿ ಸಿಕ್ಕ ನೀರನ್ನು ತುಂಬಿಸಿಕೊಂಡು ಹೋದೆ. ಹಿಮಾಚಲ ಮುಟ್ಟುವ ಹೊತ್ತಿಗೆ ಅರ್ಧದಷ್ಟಿದ್ದ ಕೂಲಂಟ್ ಕಾಲು ಭಾಗಕ್ಕಿಂತ ಕಮ್ಮಿಗೆ ತೆಳುವಾಗಿತ್ತು. ಎರಡು ತಪ್ಪು ಒಟ್ಟಿಗೆ ಬೆಳೆದವು.

ಭಟಿಂಡಾ ದಾಟಿದ ಮೇಲೆ ದಾರಿಯಲ್ಲಿ ಮಂಡಿ ಎನ್ನುವ ಊರು ಬಂತು. ಮಂಡ್ಯದವರು ಮಂಡಿಗೆ ಬಂದೆವು ಎಂದು ಟೀಚರಮ್ಮ ಫಲಕದ ಮುಂದೆ ಫೋಟೊ ತೆಗೆಸಿಕೊಂಡರು. ಮನಾಲಿ 2,050 ಮೀಟರ್ ಎತ್ತರದಲ್ಲಿದೆ, ಊಟಿಗಿಂತ ತಗ್ಗು. ಅಲ್ಲಿಂದ ಮುಂದೆ, 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ರೋಹ್ತಾಂಗ್ ಹತ್ತುವ ಕಷ್ಟವನ್ನು ತಪ್ಪಿಸಿತು. ತಾಂಡಿಯ ಬಂಕಿನಲ್ಲಿ ಟ್ಯಾಂಕು, ಎರಡು ಕ್ಯಾನು ತುಂಬಿಸಿದೆವು. ಅಲ್ಲಿನ ಫಲಕ ಮುಂದಿನ ಬಂಕು 365 ಕಿಲೋಮೀಟರ್ ಎನ್ನುತ್ತಿತ್ತು. ಜಿಸ್ಪಾದಲ್ಲಿ, 3,200 ಮೀಟರಿನಲ್ಲಿ, ಎರಡು ರಾತ್ರಿ ಮಲಗಿದೆವು. ದೇಹ ಒಗ್ಗಲಿ ಎಂದು. ಮಂಡ್ಯದಿಂದ ತಂದಿದ್ದ ಮದ್ದೂರು ವಡೆಯ ಪ್ಯಾಕೆಟ್ಟುಗಳು ಅಷ್ಟು ಹೊತ್ತಿಗೆ ಚೆಂಡಿನ ಹಾಗೆ ಉಬ್ಬಿದ್ದವು. ಹೊರಗಿನ ಗಾಳಿಯ ಒತ್ತಡ ಎಷ್ಟು ಇಳಿದಿದೆ ಎಂದು ಗಾಡಿಯೊಳಗೆ ಎಲ್ಲರ ಕಣ್ಣಿಗೂ ಕಾಣುವಂತೆ ತೂಗುಹಾಕಿತ್ತು. ನಾವು ನೋಡಿ ನಕ್ಕೆವು.

ಹಬೆ

ಮೂರನೇ ದಿನ ಬೆಳಗ್ಗೆ ಐದೂವರೆಗೆ ಹೊರಟೆವು. ಆ ದಾರಿಯಲ್ಲಿ ಬೇಗ ಹೊರಡಲೇಬೇಕು. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ರಸ್ತೆ ಮೇಲೆ ಹರಿಯುವ ಹಳ್ಳಗಳು ತುಂಬಿಬಿಡುತ್ತವೆ. ದಾರ್ಚಾ, ಪಟ್ಸೇವೊ ದಾಟಿದೆವು. ಝಿಂಗ್‌ಝಿಂಗ್‌ಬಾರ್ 4,270 ಮೀಟರ್. ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆವು, ಹಿಂದೆ ಕಪ್ಪು ಹೊಗೆ.

ಹೊಗೆಯ ಕಾರಣ ಸರಳ. ಎಂಜಿನ್ ಪ್ರತಿ ಸಲ ಎಳೆದುಕೊಳ್ಳುವ ಗಾಳಿಯ ಗಾತ್ರ ಅಷ್ಟೇ, ಅದರಲ್ಲಿರುವ ಆಮ್ಲಜನಕ ಕಮ್ಮಿ. ಡೀಸೆಲ್ ಪಂಪು ಮಾತ್ರ ಮೈಸೂರಿನಲ್ಲಿ ಕೊಟ್ಟಷ್ಟೇ ಡೀಸೆಲ್ ಕೊಡುತ್ತದೆ. ಉರಿಯದ ಡೀಸೆಲ್ ಹೊಗೆಯಾಗುತ್ತದೆ, ಜೊತೆಗೆ ಎಂಜಿನ್ನನ್ನು ಬೇಡದ ಕಾವಿಗೆ ದೂಡುತ್ತದೆ. ಕೆಲವರು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಇಳಿಸುತ್ತಾರೆ. ನಾನು ಆ ಸೀಲ್ ಮುಟ್ಟಲಿಲ್ಲ, ಕಾಲಿನಲ್ಲೇ ಇಳಿಸಬಹುದು. ಹೊಗೆ ಕಪ್ಪಾಯಿತೆಂದರೆ ಆಕ್ಸಿಲರೇಟರ್ ಒಂದು ಬೆರಳಷ್ಟು ಬಿಡಬೇಕು, ಗೇರು ಒಂದು ಇಳಿಸಬೇಕು. ಯಜಮಾನರಿಗೆ ಇದು ಕೂಡಲೇ ಹಿಡಿಸಿತು. ಬಾಯ್ಲರ್ ಚಿಮಣಿಯ ಹೊಗೆ ನೋಡಿ ಉರಿ ಸರಿಪಡಿಸಿದ ಕಣ್ಣು ಅವರದು.

ಹಬೆ ಬಂದಾಗ ಸ್ಟಿಯರಿಂಗ್ ಅವರ ಕೈಯಲ್ಲಿತ್ತು. ಮೀಟರ್ 88. ಎಂಜಿನ್ ಆಫ್ ಮಾಡಬೇಡಿ ಎಂದು ಕೂಗಿದೆ. ಗಾಳಿಗೆ ಮೂತಿ ತಿರುಗಿಸಿ ನಿಲ್ಲಿಸಿ, ಸ್ವಲ್ಪ ರೇಸ್ ಕೊಟ್ಟು ಪಂಪು ಫ್ಯಾನು ತಿರುಗುತ್ತಲೇ ಇರುವಂತೆ ಮಾಡಿದೆವು. ಆಗಲೇ ಆಫ್ ಮಾಡಿದ್ದರೆ ಹೆಡ್ ಸೊಟ್ಟಾಗುವ ಅಪಾಯವಿತ್ತು. ಕ್ಯಾಪಿಗೆ ಯಾರೂ ಕೈ ಹಾಕಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಹಬೆ ನಿಂತಿತು. ಬೆಲ್ಟು ಬಿಗಿಯಾಗಿದೆ, ಪಂಪು ಸೋರುತ್ತಿಲ್ಲ, ಫ್ಯಾನು ಸರಿ, ಕೋರ್ ಹೊಸದು. ನನಗೆ ಏನೂ ಹೊಳೆಯಲಿಲ್ಲ. ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ನಿಗೂ ನಡುವಿನ ಬಿಗಿ ಪದರ) ಹೋಗಿರಬೇಕು ಎಂಬ ಭಯ ಹೊಟ್ಟೆಯೊಳಗೆ ಕೂತಿತು. ಪಾಸ್ ಬಿಟ್ಟು ಗಾಡಿ ತಿರುಗಿಸಿ ಜಿಸ್ಪಾಕ್ಕೆ ಇಳಿದೆವು. ಟೀಚರಮ್ಮ ಒಂದು ಮಾತೂ ಆಡಲಿಲ್ಲ.

ಜಿಸ್ಪಾದ ಆ ರಾತ್ರಿ

ಸಂಜೆ ಟೀಚರಮ್ಮ ಗಾಡಿಯ ಹೊರಗೆ ಒಲೆ ಇಟ್ಟು ಕುಕ್ಕರಿನಲ್ಲಿ ಅನ್ನಕ್ಕೆ ಇಟ್ಟರು. ಅರ್ಧ ಗಂಟೆಯಾದರೂ ಸೀಟಿ ಬರಲಿಲ್ಲ.

"ರೀ, ಗ್ಯಾಸ್ಕೆಟ್ ಹೋಗದೆ ಕಣ್ರೀ. ಹಬೆಯೆಲ್ಲ ಪಕ್ಕದಾಗೇ ಹೊಯ್ತಾ ಅದೆ. ನೀರು ಹಂಗೇ ಕೊತಕೊತ ಕುದೀತದೆ, ಅಕ್ಕಿ ಮಾತ್ರ ಬೇಯ್ತಿಲ್ಲ."

ಯಜಮಾನರು ಕುಕ್ಕರನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಸ್ತ್ರಿ, ಆ ರೇಡಿಯೇಟರ್ ಮುಚ್ಚಳ ಯಾವಾಗ ಬದ್ಲಾಯ್ಸಿದ್ದಪ್ಪ?"

"ಬದ್ಲಾಯ್ಸಿಲ್ಲ ಅಣ್ಣ."

"ಅದೇ ಮತ್ತೆ."

ಅಷ್ಟೇ ಅವರು ಹೇಳಿದ್ದು. ನನಗೆ ಇಡೀ ಪ್ರಯಾಣ ಒಮ್ಮೆಲೇ ಅರ್ಥವಾಯಿತು. ಮಣ್ಣುರಸ್ತೆಯ ಬದಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ.

ನೀರು ನೂರು ಡಿಗ್ರಿಗೆ ಕುದಿಯುವುದು ಸಮುದ್ರದ ಮಟ್ಟದಲ್ಲಿ. ಮೇಲೇರಿದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಮೈಸೂರು ಇರುವುದು 770 ಮೀಟರಿನಲ್ಲಿ, ಅಲ್ಲಿ 97ರ ಮೇಲೆ. ಊಟಿ 2,240 ಮೀಟರ್, ಅಲ್ಲಿ ಸುಮಾರು 92. ಝಿಂಗ್‌ಝಿಂಗ್‌ಬಾರಿನಲ್ಲಿ 86. ಬಾರಾಲಾಚಾ ನೆತ್ತಿ 4,890 ಮೀಟರ್, ಅಲ್ಲಿ 84. ಥರ್ಮೋಸ್ಟಾಟ್ ತೆರೆಯುವುದೇ 80ಕ್ಕೆ. ಎಂಜಿನ್ ಆರಾಮವಾಗಿ ಓಡುವುದು 84ರಿಂದ 90ರ ನಡುವೆ. ಅಂದರೆ ಒತ್ತಡ ಹಿಡಿಯದ ರೇಡಿಯೇಟರಿನಲ್ಲಿ ಆ ಪಾಸಿನ ಮೇಲೆ ನೀರು ಕುದಿಯುವುದಕ್ಕೆ ಎಂಜಿನ್ ಕೆಡಬೇಕಾಗಿಯೇ ಇಲ್ಲ. ಆರೋಗ್ಯವಾಗಿರುವ ಎಂಜಿನ್ನಿನ ಮಾಮೂಲಿ ಬಿಸಿಯೇ ಸಾಕು.

ನಮ್ಮ ಎಂಜಿನ್ ಮಿತಿಮೀರಿ ಬಿಸಿಯೇರಿರಲಿಲ್ಲ. ಕುದಿಬಿಂದು ಮೇಲಿನಿಂದ ಇಳಿದು ಬಂದು ಅದನ್ನು ಮುಟ್ಟಿತ್ತು.

ಕ್ಯಾಪಿನ ಕೆಲಸ ಇರುವುದು ಇಲ್ಲೇ. ಅದರ ಮೇಲೆ 0.9 ಎಂದು ಬರೆದಿರುತ್ತದೆ. ಹೊರಗಿನ ಒತ್ತಡಕ್ಕಿಂತ 0.9 ಬಾರ್ (ಸಮುದ್ರದ ಮಟ್ಟದ ಗಾಳಿಯ ಒತ್ತಡ ಸುಮಾರು ಒಂದು ಬಾರ್) ಹೆಚ್ಚು ಒತ್ತಡವನ್ನು ಒಳಗೆ ಹಿಡಿದಿಡುತ್ತದೆ ಎಂದರ್ಥ. ಬಾರಾಲಾಚಾದ ಮೇಲೆ ಹೊರಗಿನ ಗಾಳಿ ಸುಮಾರು 0.55 ಬಾರ್ ಇರುತ್ತದೆ. ಅದಕ್ಕೆ 0.9 ಕೂಡಿದರೆ 1.45. ಆ ಒತ್ತಡದಲ್ಲಿ ಬರೀ ನೀರೂ 110 ಡಿಗ್ರಿವರೆಗೆ ಕುದಿಯುವುದಿಲ್ಲ, ಕೂಲಂಟ್ ಬೆರೆಸಿದರೆ ಇನ್ನೂ ಕೆಲವು ಡಿಗ್ರಿ ಮೇಲೆ. 84ಕ್ಕೂ 110ಕ್ಕೂ ನಡುವಿನ ಇಪ್ಪತ್ತಾರು ಡಿಗ್ರಿಯ ಅಂತರ ಪೂರ್ತಿ ನಿಂತಿರುವುದು ಒಂದು ರಬ್ಬರ್ ಬಿಲ್ಲೆಯ ಮೇಲೆ. ಕುಕ್ಕರಿನ ಗ್ಯಾಸ್ಕೆಟ್ ಹಾಗೆಯೇ.

ಊಟಿ ಪರೀಕ್ಷೆ ನನ್ನನ್ನು ಯಾಕೆ ತಪ್ಪಿಸಿತು ಎನ್ನುವುದೂ ಈ ಲೆಕ್ಕದಲ್ಲೇ ಇದೆ. ಅಲ್ಲಿ ಮೀಟರ್ 90 ಇದ್ದಾಗ ಕುದಿಬಿಂದು ಬರೀ ನೀರಿಗೆ 92, ನಮ್ಮ ಅರ್ಧ ಕೂಲಂಟಿನ ಮಿಶ್ರಣಕ್ಕೆ ಅದಕ್ಕಿಂತಲೂ ಮೇಲೆ. ಕ್ಯಾಪ್ ಸತ್ತಿದ್ದರೂ ಕೂದಲೆಳೆಯಲ್ಲಿ ಪಾರಾಗಿತ್ತು. ನಾನು 90 ಎನ್ನುವ ಅಂಕಿ ನೋಡಿ ಸಮಾಧಾನಪಟ್ಟೆ. ಆ ಅಂಕಿಗೂ ಕುದಿಗೂ ಎಷ್ಟು ಅಂತರ ಉಳಿದಿದೆ ಎಂದು ಯಾವ ಮೀಟರೂ ತೋರಿಸುವುದಿಲ್ಲ. ದಕ್ಷಿಣದ ಯಾವ ಘಾಟಿಯೂ ಹಿಮಾಲಯದ ಪಾಸಿಗೆ ಪೂರ್ತಿ ಪರೀಕ್ಷೆಯಾಗುವುದಿಲ್ಲ ಎಂದು ಈಗ ನನ್ನ ಗಟ್ಟಿ ಅಭಿಪ್ರಾಯ. ಕಡಿದಾದ ಏರು ನಮ್ಮಲ್ಲೂ ಸಿಗುತ್ತದೆ, ತೆಳು ಗಾಳಿ ಸಿಗುವುದಿಲ್ಲ. ತಣ್ಣಗಿದ್ದರೂ ತೆಳುವಾದ ಗಾಳಿ ರೇಡಿಯೇಟರಿನಿಂದ ಹೊತ್ತೊಯ್ಯುವ ಕಾವೂ ಕಮ್ಮಿ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಸ್ಪ್ರಿಂಗ್ ಸರಿಯಿತ್ತು. ಕೆಳಗಿನ ರಬ್ಬರ್ ಒಣಗಿ ಕಲ್ಲಿನ ಹಾಗೆ ಆಗಿ, ಒಂದು ಕಡೆ ಕೂದಲಷ್ಟು ಸೀಳಿತ್ತು. ಹೊರಗಿನ ಹಿತ್ತಾಳೆ ಹಾಗೇ ಹೊಳೆಯುತ್ತಿತ್ತು.

ಇನ್ನೊಂದು ಖಾತರಿಯೂ ಬೇಕಿತ್ತು, ಹೆಡ್ ಗ್ಯಾಸ್ಕೆಟ್ಟಿನದು. ಅದು ಹೋಗಿದ್ದರೆ ಉರಿಗಾಳಿ ನೀರಿಗೆ ನುಗ್ಗಿ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತದೆ. ಬೆಳಗ್ಗೆ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದೆ. ಗುಳ್ಳೆ ಇಲ್ಲ. ಆಯಿಲಿಗೆ ನೀರು ಬೆರೆತರೆ ಬರುವ ಹಾಲಿನ ಬಣ್ಣ ಆಯಿಲ್ ಕಡ್ಡಿಯಲ್ಲಿ ಇಲ್ಲ. ಆಗ ಟೀಚರಮ್ಮನಿಗೆ ಹೇಳಿದೆ, ಹೋಗ್ತೀವಿ ಅಮ್ಮ ಅಂತ.

ಕೇಲಾಂಗಿನಿಂದ ತಂದ ಕ್ಯಾಪ್

ಜಿಸ್ಪಾದಿಂದ ಇಪ್ಪತ್ತು ಕಿಲೋಮೀಟರಿನಷ್ಟು ಹಿಂದಕ್ಕೆ ಹೋದರೆ ಕೇಲಾಂಗ್, ಲಾಹೌಲ್ ಸ್ಪಿತಿ ಜಿಲ್ಲೆಯ ಕೇಂದ್ರ. ಅಲ್ಲಿ ಒಂದು ಬಿಡಿಭಾಗದ ಅಂಗಡಿ ಸಿಕ್ಕಿತು. ಮೊದಲು ಕೊಟ್ಟ ಕ್ಯಾಪಿನಲ್ಲಿ 0.9 ಎಂದೇ ಇತ್ತು, ಬಾಯಿಗೂ ಕೂತಿತು. ಆದರೆ ಅದರ ಆಳ ಕಮ್ಮಿ. ಒಳಗಿನ ರಬ್ಬರ್ ಕೊರಳಿನ ಕೆಳಗಿನ ಅಂಚನ್ನು ಮುಟ್ಟುತ್ತಲೇ ಇರಲಿಲ್ಲ. ಮುಚ್ಚಿದ ಹಾಗೆ ಕಾಣುತ್ತದೆ, ಒತ್ತಡ ನಿಲ್ಲುವುದಿಲ್ಲ. ರಬ್ಬರಿಗೆ ಸೀಮೆಸುಣ್ಣ ಬಳಿದು ಮುಚ್ಚಿ ತೆಗೆದು, ಅಂಚಿನಲ್ಲಿ ಉಂಗುರದ ಗುರುತು ಬಿತ್ತೇ ಎಂದು ನೋಡಿ ಆರಿಸಿದೆ. ಎರಡನೆಯದು ಸರಿಹೋಯಿತು. ಅಂಥದ್ದೇ ಇನ್ನೊಂದು ಬಿಡಿಯಾಗಿ ಕೊಂಡೆವು. ತೆಳುವಾದ ನೀರು ಬಿಟ್ಟು ಮತ್ತೆ ಅರ್ಧಕ್ಕರ್ಧ ಕೂಲಂಟ್ ತುಂಬಿದೆವು. ಕೊರೆವ ರಾತ್ರಿಯಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳದಿರಲೂ ಅದು ಬೇಕು.

ಇಲ್ಲಿ ಒಂದು ಎಚ್ಚರ. ಬಹುಕಾಲ ಒತ್ತಡವನ್ನೇ ಕಾಣದ ವ್ಯವಸ್ಥೆಗೆ ಒಳ್ಳೆಯ ಕ್ಯಾಪ್ ಹಾಕಿದರೆ ಅಲ್ಲಿಯವರೆಗೆ ಸುಮ್ಮನಿದ್ದ ಸಂದುಗಳು ಬಾಯಿ ಬಿಡುತ್ತವೆ. ಅರ್ಧ ಗಂಟೆ ಎಂಜಿನ್ ಓಡಿಸಿ ಒಂದೊಂದು ಜೋಡಣೆಯನ್ನೂ ನೋಡಿದೆ. ಕೆಳಗಿನ ಹೋಸಿನ ಕ್ಲಿಪ್ಪಿನಲ್ಲಿ ಹನಿ ಕಂಡಿತು, ಬಿಗಿದೆ. ಕೊನೆಗೆ ಮೇಲಿನ ಹೋಸನ್ನು ಬಟ್ಟೆ ಹಿಡಿದು ಹಿಸುಕಿದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಬಿಗಿ. ಮೈಸೂರಿನಲ್ಲೇ ಒಮ್ಮೆ ಹೀಗೆ ಹಿಸುಕಿದ್ದರೆ ಸಾಕಿತ್ತು. ಬಿಸಿ ಎಂಜಿನ್ನಿನ ಹೋಸ್ ಮೆತ್ತಗಿದ್ದರೆ ಒಳಗೆ ಒತ್ತಡ ಇಲ್ಲ.

ಮರುದಿನ ಝಿಂಗ್‌ಝಿಂಗ್‌ಬಾರ್ ಏರಿನಲ್ಲಿ ಮೀಟರ್ 89, ಬಾರಾಲಾಚಾ ನೆತ್ತಿಯಲ್ಲಿ 91. ಹಿಂದಿನ ಸಲ ಹಬೆ ಎದ್ದಾಗ ಇದ್ದದ್ದಕ್ಕಿಂತ ಮೂರು ಡಿಗ್ರಿ ಜಾಸ್ತಿ. ಒಂದು ತೊಟ್ಟೂ ಚೆಲ್ಲಲಿಲ್ಲ. ಎರಡೂ ಕಡೆ ಹಿಮದ ಗೋಡೆ. ಟೀಚರಮ್ಮ ಇಳಿದು ಹಿಮ ಮುಟ್ಟಿದರು, ಐದು ನಿಮಿಷದ ಮೇಲೆ ನಿಲ್ಲಲು ನಾನು ಬಿಡಲಿಲ್ಲ.

ಇಳಿಜಾರು

ಮುಂದಿನ ತಂಗು ಸರ್ಚು, 4,290 ಮೀಟರ್. ಆ ರಾತ್ರಿ ಮೂವರಿಗೂ ತಲೆನೋವು, ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಹೊರಡುವ ಮೊದಲೇ ವೈದ್ಯರನ್ನು ಕಂಡಿದ್ದರಿಂದ ಅವರು ಹೇಳಿದ ಮಾತ್ರೆ ಇತ್ತು. ಕ್ಯಾಪಿನ ದೆಸೆಯಿಂದ ಜಿಸ್ಪಾದಲ್ಲಿ ಎರಡು ರಾತ್ರಿ ಹೆಚ್ಚಿಗೆ ಕಳೆದದ್ದು ನಮ್ಮ ದೇಹಕ್ಕೆ ಒಳ್ಳೆಯದೇ ಮಾಡಿತು. ಅಲ್ಲಿ ಚಳಿ ತಡೆಯಲಾರದೆ ಗಾಡಿಯೊಳಗೆ ಒಲೆ ಹಚ್ಚಿಕೊಂಡು ಬಾಗಿಲು ಹಾಕೋಣ ಎನಿಸುತ್ತದೆ. ಯಾರೂ, ಯಾವ ಕಾರಣಕ್ಕೂ ಹಾಗೆ ಮಾಡಬಾರದು. ಮುಚ್ಚಿದ ಗಾಡಿಯಲ್ಲಿ ಉರಿಯುವ ಒಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ನಾವು ಎರಡೆರಡು ಕಂಬಳಿ ಹೊದ್ದು, ಕಿಟಕಿ ಒಂದು ಬೆರಳು ತೆಗೆದಿಟ್ಟು ಮಲಗಿದೆವು. ಬೆಳಗ್ಗೆ, ತಣ್ಣನೆ ಎಂಜಿನ್ ಏಳಲು ನೆರವಾಗುವ ಹೀಟರ್ ಪ್ಲಗ್ಗನ್ನು ಎರಡು ಸಲ ಕಾಯಿಸಿದ ಮೇಲೆ ಎಂಜಿನ್ ಬಿಳಿ ಹೊಗೆ ಬಿಟ್ಟು ಎದ್ದಿತು.

ಗಾಟಾ ಲೂಪ್ಸಿನ 21 ತಿರುವು, ಆಮೇಲೆ ಎರಡು ಪಾಸು, ಮೀಟರಿನಲ್ಲಿ ನಾಕೀಲಾ 4,739, ಲಾಚುಂಗ್‌ಲಾ 5,059, ಪಾಂಗ್, ಮೋರೆ ಬಯಲು. ಎಲ್ಲ ಒಂದನೇ, ಎರಡನೇ ಗೇರಿನ ಸಂಗತಿ. ಟಾಂಗ್ಲಾಂಗ್‌ಲಾ 5,328 ಮೀಟರ್, ಅಲ್ಲಿ ಗಾಳಿಯ ಒತ್ತಡ ಸಮುದ್ರದ ಮಟ್ಟದ ಅರ್ಧ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹತ್ತಿರ ಹತ್ತಿರ ಅರ್ಧ. ಮೀಟರ್ 92.

ಆ ನೆತ್ತಿಯಿಂದ ಇಳಿಯಲು ಶುರುಮಾಡಿದಾಗ ಯಜಮಾನರು ಬ್ರೇಕ್ ಒತ್ತಿ ಬೆಚ್ಚಿದರು. "ಪೆಡಲ್ ಕಲ್ಲಾಗೋಗದೆ ಮೇಸ್ತ್ರಿ!" ಇದನ್ನು ನಾನು ಮೊದಲೇ ಎದುರು ನೋಡಿದ್ದೆ, ಅವರಿಗೆ ಹೇಳಿಟ್ಟಿರಲಿಲ್ಲ. ಬ್ರೇಕ್ ಬೂಸ್ಟರ್ ಕಾಲಿಗೆ ಸಹಾಯ ಮಾಡುವುದು ಗಾಳಿಯ ಒತ್ತಡದಿಂದಲೇ. ಅದರ ಒಂದು ಬದಿಯ ಗಾಳಿಯನ್ನು ಎಂಜಿನ್ನಿನ ಪಂಪು ಎಳೆದು ಖಾಲಿ ಮಾಡುತ್ತದೆ, ಇನ್ನೊಂದು ಬದಿಯಿಂದ ಹೊರಗಿನ ಗಾಳಿ ತಳ್ಳುತ್ತದೆ. ತಳ್ಳುವ ಗಾಳಿಯೇ ಅರ್ಧವಾದರೆ ಸಹಾಯವೂ ಅರ್ಧ. ಬ್ರೇಕ್ ಕೆಟ್ಟಿಲ್ಲ, ಕಾಲು ಇಮ್ಮಡಿ ಒತ್ತಬೇಕು ಅಷ್ಟೆ. ಆದರೆ ಗಾಬರಿಯಾದ ಚಾಲಕ ಅಂಥ ಕಡೆ ಏನು ಮಾಡುತ್ತಾನೆ ಎಂದು ಹೇಳಲಾಗದು. ನೆತ್ತಿ ದಾಟುವ ಮೊದಲೇ, ಸಮತಟ್ಟಿನಲ್ಲಿ, ಒಮ್ಮೆ ಒತ್ತಿಸಿ ತೋರಿಸಿರಬೇಕಿತ್ತು.

ಹತ್ತಿದ ಗೇರಿನಲ್ಲೇ ಇಳಿ ಎಂದು ನಮ್ಮ ಘಾಟಿಯ ಹಳೇ ಡ್ರೈವರುಗಳು ಹೇಳುತ್ತಾರೆ. ಅದನ್ನೇ ಪಾಲಿಸಿದೆವು, ಇಡೀ ಇಳಿಜಾರು ಎರಡನೇ ಗೇರು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡುವುದು, ಸವರಿಕೊಂಡೇ ಇರಬಾರದು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಉರುಳುವ ಅಭ್ಯಾಸ ಯಜಮಾನರಿಗೆ ಮಂಡ್ಯದ ರಸ್ತೆಯಲ್ಲಿತ್ತು. ಮೊದಲ ದಿನವೇ ಮಾತು ತೆಗೆದುಕೊಂಡಿದ್ದೆ. ಎಂಜಿನ್ ಆಫ್ ಆದರೆ ಆ ಅರ್ಧ ಸಹಾಯವೂ ನಿಂತುಹೋಗುತ್ತದೆ. ಕೆಳಗಿನ ರುಮ್ತ್ಸೆ ಊರಿನಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಬಿಸಿ ಇತ್ತು, ಸುಟ್ಟ ವಾಸನೆ ಇರಲಿಲ್ಲ.

ಲೇಹ್‌ನಲ್ಲಿ ಐದು ದಿನ ಇದ್ದೆವು. ವಾಪಸಿಗೆ ಶ್ರೀನಗರದ ದಾರಿ ಹಿಡಿದೆವು. ಅಲ್ಲಿನ ಅತಿ ಎತ್ತರದ ಪಾಸ್ ಫೋಟುಲಾ 4,108 ಮೀಟರ್, ಜೋಜಿಲಾ 3,528. ಹಳೇ ಗಾಡಿಗೂ ವಯಸ್ಸಾದವರಿಗೂ ಹೋಗುವಾಗಲೇ ಈ ದಾರಿ ಹಿಡಿಯುವುದು ಮೇಲು, ಏರು ನಿಧಾನವಾಗಿ ಸಿಗುತ್ತದೆ. ಮತ್ತೊಮ್ಮೆ ಹೋದರೆ ನಾನು ಹಾಗೇ ಮಾಡುತ್ತೇನೆ. ರಾಜಸ್ಥಾನದ ಬಿಸಿಲು ವಾಪಸಿನಲ್ಲೂ ಅಷ್ಟೇ ಇತ್ತು. ಬಿಕಾನೇರಿನಿಂದ ಮೈಸೂರಿನವರೆಗೆ ರೇಡಿಯೇಟರಿಗೆ ಒಂದು ಲೋಟ ನೀರೂ ಹಾಕಲಿಲ್ಲ.

ಗ್ಯಾರೇಜಿಗೆ ಬಂದ ಮೇಲೆ ಹಳೇ ಕ್ಯಾಪನ್ನು ಪರಿಚಯದ ರೇಡಿಯೇಟರ್ ಅಂಗಡಿಯಲ್ಲಿ ಒತ್ತಡ ಅಳೆಯುವ ಪಂಪಿಗೆ ಸಿಕ್ಕಿಸಿ ನೋಡಿಸಿದೆ. 0.9 ಹಿಡಿಯಬೇಕಾದದ್ದು 0.1ಕ್ಕೇ ಬಿಟ್ಟಿತು. ಅದೇ ವಾರ ನಾನೂ ಅಂಥ ಪಂಪೊಂದನ್ನು ಕೊಂಡುಕೊಂಡೆ. ಬ್ರೇಕ್ ಆಯಿಲ್ ಮತ್ತೆ ಪೂರ್ತಿ ಬದಲಾಯಿಸಿ ಯಜಮಾನರ ಕೈಗೆ ಕೀ ಕೊಟ್ಟೆ. ಟೀಚರಮ್ಮ ಮಂಡ್ಯಕ್ಕೆ ಹೊರಡುವಾಗ ದೇವರಾಜ ಮಾರ್ಕೆಟ್ಟಿನ ಕಡೆ ಗಾಡಿ ನಿಲ್ಲಿಸಿಸಿ, ಕುಕ್ಕರಿಗೆ ಎರಡು ಗ್ಯಾಸ್ಕೆಟ್ ಕೊಂಡುಹೋದರಂತೆ.